ಅತ್ತಿಗೆ ಕೊಟ್ಟ ವಿಟಮಿನ್

ನಮ್ಮತ್ತಿಗೆಯ ಬ್ಯೂಟಿ ಪಾರ್ಲರ್ ಮನೆಯ ಮುಂದಿನ ಕೋಣೆಯಲ್ಲೇ. ವಿಟಮಿನ್ ಇ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ, ಎಣ್ಣೆ ಹಿಂಡಿ, ಎಂಥ ಬಾಡಿದ ಮುಖಕ್ಕೂ ಕಳೆ ತರಿಸುವಳು. ಬಾಯಿಯೂ ಅಷ್ಟೇ ಜೋರು. "ಮೇಲೆ ಹಚ್ಚಿದ್ರೇ ಇಷ್ಟು ಹೊಳಪು, ಒಳಗೆ ಹೋದ್ರೆ ಇನ್ನೆಷ್ಟು!" ಅನ್ನುವಳು.

ಅಣ್ಣ ಬಡಗಿ. ಹೃದಯದ ಕವಾಟ ಬದಲಾಯಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತೆಳುವಾಗಿಡುವ ಮಾತ್ರೆ ಅವನು ದಿನಾ ನುಂಗಬೇಕಿತ್ತು. ಸೊರಗಿ ಕಡ್ಡಿಯಾದ ಗಂಡನನ್ನು ನೋಡಿ ಅತ್ತಿಗೆಗೆ ಕರುಳು ಚುರುಕ್ ಅಂತು. ಆ ಕ್ಯಾಪ್ಸೂಲಿನ ಡಬ್ಬದ ಮೇಲೆ 'ಆಂಟಿಆಕ್ಸಿಡೆಂಟ್, ಹೃದಯಕ್ಕೆ ಹಿತ' ಅಂತ ಬರೆದಿತ್ತಲ್ಲ, ಊಟವಾದ ಮೇಲೆ ಅವನಿಗೂ ಒಂದೊಂದು ಕೊಡತೊಡಗಿದಳು. ಅಣ್ಣನೋ, ಹೆಂಡತಿ ಕೊಟ್ಟದ್ದನ್ನು ತಿರುಗಿಸಿಯೂ ನೋಡದೆ ನುಂಗುವ ಪ್ರಾಣಿ.

ಮೈಮೇಲೆ ನೀಲಿ ಕಲೆಗಳೆದ್ದವು. ಚರ್ಮದ ವಿಷಯ ತನಗೆ ಗೊತ್ತಿಲ್ಲದ್ದೇ? ಅತ್ತಿಗೆ ಒಂದನ್ನು ಎರಡು ಮಾಡಿದಳು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅಣ್ಣನ ಬಾಯಿತುಂಬ ರಕ್ತ.

"ರಕ್ತ ವಿಪರೀತ ತೆಳುವಾಗಿದೆ. ಬೇರೆ ಏನಾದ್ರೂ ತಗೋತಿದ್ದಾರಾ?" ಡಾಕ್ಟರು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ," ಅಂದಳು ಅತ್ತಿಗೆ. ಅಣ್ಣ ಅವಳ ಮುಖ ನೋಡಿ ತಾನೂ ಇಲ್ಲ ಅಂದ. ಡಾಕ್ಟರು ಅವನ ಮಾತ್ರೆಯನ್ನೇ ಕಡಿಮೆ ಮಾಡಿದರು. ನಾನೂ ಪಕ್ಕದಲ್ಲೇ ನಿಂತಿದ್ದೆ. ನನಗೇನು ಗೊತ್ತಿತ್ತು, ಮಣ್ಣು!

ಮನೆಗೆ ಬಂದವಳೇ ಹೆದರಿ, ತುಟಿಪಿಟಕ್ಕೆನ್ನದೆ ಕ್ಯಾಪ್ಸೂಲನ್ನೂ ನಿಲ್ಲಿಸಿಬಿಟ್ಟಳು. ಅತ್ತ ಮಾತ್ರೆಯೂ ಕಡಿಮೆ, ಇತ್ತ ಇದೂ ಬಂದ್. ವಾರ ಬಿಟ್ಟು ರಕ್ತಪರೀಕ್ಷೆಗೆ ಬನ್ನಿ ಅಂದಿದ್ದರು. ಬಾಗಿಲು ಕೂರಿಸುವ ಕೆಲಸವಿದೆಯೆಂದು ಅಣ್ಣ ಹೋಗಲಿಲ್ಲ. ಆ ಬಾಗಿಲ ಮುಂದೆಯೇ ಉಳಿ ಹಿಡಿದ ಬಲಗೈ ಜೋತುಬಿತ್ತು, ಮಾತು ನಿಂತಿತು. ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ಅವನ ಹಾಸಿಗೆ ಪಕ್ಕದಲ್ಲೇ ಅತ್ತಿಗೆ ಡಾಕ್ಟರ ಮುಂದೆ ಎಲ್ಲ ಬಾಯಿಬಿಟ್ಟಳು. "ವಿಟಮಿನ್ ತಾನೇ, ಔಷಧಿ ಅಲ್ವಲ್ಲ ಅಂದ್ಕೊಂಡೆ. ಆಮೇಲೆ ಬೈತೀರ ಅಂತ ಹೆದರಿದೆ."

"ಬೇರೆಯವರಿಗೆ ಏನೂ ಆಗದೇ ಇರಬಹುದಮ್ಮ. ಇವರ ಮಾತ್ರೆ ಜೊತೆ ಸೇರಿದ್ರೆ ರಕ್ತ ಇನ್ನೂ ತೆಳ್ಳಗಾಗಬಹುದು. ಅವತ್ತೇ ಹೇಳಿದ್ದಿದ್ರೆ ಆ ವಿಟಮಿನ್ ನಿಲ್ಲಿಸಿ, ದಿನಾ ರಕ್ತ ನೋಡ್ತಿದ್ದೆ. ಮಾತ್ರೆಯನ್ನ ಹೀಗೆ ಇಳಿಸ್ತಿರಲಿಲ್ಲ. ಎರಡೂ ಒಟ್ಟಿಗೆ ಇಳಿದು ರಕ್ತ ಹೆಪ್ಪುಗಟ್ಟಿಬಿಡ್ತು."

ನನಗೋ, ಅವಳ ಜುಟ್ಟು ಹಿಡಿದು ಜಾಡಿಸುವಷ್ಟು ಸಿಟ್ಟು. ಮುಖ ನೋಡಿದರೆ ಸಂಕಟ.

ಅಣ್ಣ ಎಲ್ಲ ಕೇಳಿಸಿಕೊಂಡ. ಅವಳ ಕಡೆ ತಿರುಗಿ ಏನೋ ಹೇಳಲು ಹೊರಟ. ಗೊರಗೊರ ಸದ್ದಷ್ಟೇ ಬಂತು. ಅತ್ತಿಗೆ ಅವನ ಬಾಯಿಗೆ ಕಿವಿ ಹಚ್ಚಿದಳು.

"ಬೈತಿದೀರಾ? ಬೈರಿ, ಚೆನ್ನಾಗಿ ಬೈರಿ."

ಮತ್ತದೇ ಸದ್ದು.

"ಏನಂದ್ರು? ನಿಂಗಾದ್ರೂ ಗೊತ್ತಾಯ್ತಾ?" ನನ್ನನ್ನು ಕೇಳಿದಳು.

ನನಗೂ ಗೊತ್ತಾಗಲಿಲ್ಲ.