ಮೊದಲ ತಟ್ಟೆ

ವಿಮಲಾ ತೀರಿಕೊಂಡರು. 2001ರ ಮಾರ್ಚ್ ಹದಿಮೂರು, ಮಂಗಳವಾರ ಬೆಳಿಗ್ಗೆ, ಅಮೆರಿಕದ ಕ್ಯಾಂಪ್‌ಬೆಲ್‌ನ ಮನೆಯಲ್ಲಿ. ಹೃದಯ ನಿಂತಿತು. ನಲವತ್ತಾರು ವರ್ಷವಾಗಿತ್ತು.

ನೋಡಲು ಬಂದವರು “ಊರಿಗೆಲ್ಲ ಆರೋಗ್ಯದ ಪಾಠ ಹೇಳ್ತಿದ್ದವರು” ಎಂದು ತಲೆಯಾಡಿಸಿ, ಹಾಲ್‌ನಲ್ಲಿ ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತರು. ಪೆಟ್ಟಿಗೆಗಳ ತುಂಬ, ಚಾಕೊಲೇಟಿನಂತೆ ಕಚ್ಚಿ ತಿನ್ನುವ ಎನರ್ಜಿ ಬಾರುಗಳು. ವಿಮಲಾರ ಗಂಡ ಸಂಪತ್ ಇದ್ದ ಕಂಪನಿ ಅವನ್ನು ಇಂಟರ್‌ನೆಟ್ಟಿನಲ್ಲಿ ಮಾರಿ ಜಗತ್ತನ್ನೇ ಬದಲಿಸಲು ಹೊರಟು, ಜನವರಿಯಲ್ಲಿ ಬಾಗಿಲು ಹಾಕಿತ್ತು. ಸಂಪತ್‌ಗೆ ಹದಿನೈದು ದಿನದಲ್ಲಿ ಬೇರೆ ಕೆಲಸ ಸಿಕ್ಕಿತು. ಬಾರುಗಳಿಗೆ ಗತಿ ಸಿಗಲಿಲ್ಲ. ಪೆಟ್ಟಿಗೆಗಳು ಗಟ್ಟಿಯಾಗಿದ್ದವು. ಒಳಗಿದ್ದದ್ದು ಇನ್ನೂ ಗಟ್ಟಿ.

ವಿಮಲಾ ಉಡುಪಿಯ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸಿದವರು. ಗಂಡನ ವೀಸಾದ ಮೇಲೆ ಬಂದವರಿಗೆ ಅಮೆರಿಕದಲ್ಲಿ ದುಡಿಯುವ ಹಕ್ಕಿರಲಿಲ್ಲ. ಪುಕ್ಕಟೆ ದುಡಿಯಲು ಅಡ್ಡಿಯೇನೂ ಇರಲಿಲ್ಲ. ಹದಿನೈದರ ಮಗಳು ಸುರಕ್ಷಾ ಶಾಲೆಯ ಓಟದ ತಂಡ ಸೇರಿದ ವರ್ಷ, ಓಡುವ ಹುಡುಗಿಯರಿಗೆ ಏನು ತಿನ್ನಿಸಬೇಕೆಂದು ತಂದೆತಾಯಿಗಳ ಸಭೆ ಸೇರಿತು. ಮೌಂಟನ್ ವ್ಯೂನಿಂದ ಬಂದ, ತಂಡದ ಹುಡುಗಿಯೊಬ್ಬಳ ತಂದೆ ಅರವಿಂದ ಲ್ಯಾಪ್‌ಟಾಪು ತೆರೆದು, ಬಾಳೆಹಣ್ಣಿನ ಭವಿಷ್ಯದ ಬಗ್ಗೆ ನಲವತ್ತು ಸ್ಲೈಡು ತೋರಿಸಿದರು. ಸಂಪತ್ ಬಾರು ಹಂಚಿದರು. ವಿಮಲಾ ಕುಕ್ಕರ್ ತಂದಿದ್ದರು.

ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಉಸಲಿ, ಮಾವಿನ ಉಪ್ಪಿನಕಾಯಿ. ಹುಡುಗಿಯರು ಮೂಸಿದರು, ಮುಖ ಸಿಂಡರಿಸಿದರು, ಆಮೇಲೆ ಕುಕ್ಕರಿನ ತಳ ಕೆರೆದರು. ಅಂದಿನಿಂದ ಪ್ರತಿ ಗುರುವಾರ ವಿಮಲಾರ ಪಾಠ. ಬೆಳಿಗ್ಗೆ ತಿನ್ನದೆ ಮನೆ ಬಿಡಬಾರದು. ಓಡಿ ಬಂದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಬೇಕು. ದಿನಾ ತೂಕ ನೋಡಬಾರದು. ಪಾಠ ಮುಗಿದ ಮೇಲೆ ಸುರಕ್ಷಾ ಎಲ್ಲರಿಗೂ ಬಡಿಸುವಳು.

ಭಾನುವಾರ ಲಿವರ್‌ಮೋರ್ ದೇವಸ್ಥಾನದಲ್ಲೂ ಅವಳೇ ಮೊಸರನ್ನ ಬಡಿಸುವಳು. ಪಂಕ್ತಿಯಲ್ಲಿ ಕೂತ ಹಿರಿಯಜ್ಜಿ ವೆಂಕಟಮ್ಮ “ಪುಟ್ಟೀ, ನೀನೂ ಕೂತ್ಕೊಳ್ಳೇ” ಎಂದರೆ “ಆಮೇಲೆ ತಿಂತೀನಿ ಅಜ್ಜಿ” ಎನ್ನುವಳು. ಅಮೆರಿಕದಲ್ಲಿ ಬೆಳೆದ ಮಗುವಿಗೆ ಎಂಥ ಸಂಸ್ಕಾರ ಎಂದು ವೆಂಕಟಮ್ಮ ಕಣ್ಣೊರೆಸಿಕೊಂಡರು. ವಿಮಲಾ ಉಬ್ಬಿದರು.

ಉಬ್ಬದಿದ್ದವರು ಒಬ್ಬರೇ, ಮೈಸೂರಿನ ಫರೀದಾ. ಅವರ ಮಗಳು ಅರೀಬಾ ಅದೇ ತಂಡದಲ್ಲಿದ್ದಳು. ಒಂದು ಗುರುವಾರ ಪಾತ್ರೆ ತೊಳೆಯುತ್ತ ಅವರು ಹೇಳಿಯೇಬಿಟ್ಟರು: “ನಿನ್ನ ಮಗಳು ಬಡಿಸೋದು ನೋಡಿದೀನಿ ಕಣೇ. ತಿನ್ನೋದು ನೋಡೇ ಇಲ್ಲ.”

“ಹೊಟ್ಟೆಕಿಚ್ಚು ಮಾರಾಯ್ತಿ ನಿಂಗೆ. ನಿನ್ನ ಅರೀಬಾ ಬಡಿಸುವ ಮೊದಲೇ ಅರ್ಧ ಖಾಲಿ ಮಾಡ್ತಾಳೆ.”

“ಹ್ಞೂ, ಅದಕ್ಕೇ ನಾನು ನೆಮ್ಮದಿಯಾಗಿದೀನಿ.”

ಫೆಬ್ರವರಿ ಮೊದಲ ವಾರ ಸುರಕ್ಷಾ ಮೈದಾನದಲ್ಲಿ ಕುಸಿದು ಬಿದ್ದಳು. ತೆಳ್ಳಗಾದಷ್ಟೂ ಬೇಗ ಓಡಬಹುದೆಂದು ತಿಂಗಳುಗಳಿಂದ ಊಟ ಬಿಟ್ಟಿದ್ದಳೆಂದು ಅರೀಬಾ ಅಳುತ್ತ ಹೇಳಿದಳು. ತೂಕ ಇನ್ನೆರಡು ಕಿಲೋ ಇಳಿದರೆ ಆಸ್ಪತ್ರೆಯಲ್ಲಿ ಮಲಗಿಸಿ ಮೂಗಿನ ಮೂಲಕ ಆಹಾರ ಕೊಡಬೇಕಾಗುತ್ತದೆ, ಇಳಿಯುವುದು ನಿಲ್ಲುವವರೆಗೆ ಓಟ ಬಂದ್ ಎಂದರು ಡಾಕ್ಟರು. ಸಂಪತ್ ಗಾಬರಿಯಲ್ಲಿ ಜೇಬಿನಿಂದ ಒಂದು ಬಾರು ತೆಗೆದರು. ಡಾಕ್ಟರು ಅವರನ್ನು ಹೊರಗೆ ಕೂರಲು ಹೇಳಿದರು.

ಮನೆಗೆ ಬಂದ ವಿಮಲಾ ಪಾಠದ ಫೈಲು ಬಿಚ್ಚಿದರು. ಅದರಲ್ಲಿ ಎಲ್ಲವೂ ಇತ್ತು, ಮಗಳೊಬ್ಬಳನ್ನು ಬಿಟ್ಟು.

“ಇಷ್ಟು ದಿವಸ ನಂಗೆ ಸುಳ್ಳು ಹೇಳಿದ್ಯಲ್ಲ ಮಗಾ?”

“ಸುಳ್ಳೇನಿಲ್ಲ ಅಮ್ಮ. ಆಮೇಲೆ ತಿಂತೀನಿ ಅಂದೆ. ನೀನೂ ಅದೇ ಹೇಳ್ತೀಯ.”

“ನಾನು ಹೇಳಿದ ಮೇಲೆ ತಿಂತೇನೆ.”

“ವೆನ್? ಐ ಹ್ಯಾವ್ ನೆವರ್ ಸೀನ್ ಇಟ್.”

ವಿಮಲಾ ಫೈಲು ಮುಚ್ಚಿದರು. ಅವರ ತಾಯಿಮನೆಯಲ್ಲಿ ಗಂಡಸರು, ಮಕ್ಕಳು, ನೆಂಟರು, ಆಳುಗಳು ಎದ್ದ ಮೇಲೆ ಹೆಂಗಸರ ಊಟ. ಇಲ್ಲಿ ಆಳುಗಳೂ ಇರಲಿಲ್ಲ, ನೆಂಟರೂ ಇರಲಿಲ್ಲ. ಆದರೂ ಅವರು ಎಲ್ಲರೂ ಎದ್ದ ಮೇಲೆ ಒಲೆಯ ಪಕ್ಕ ನಿಂತು, ಪಾತ್ರೆಯಿಂದಲೇ ಬಳಿದು ತಿನ್ನುತ್ತಿದ್ದರು. ಯಾರೂ ನೋಡಬಾರದೆಂದೇ ತಿಂದದ್ದನ್ನು ಮಗಳೂ ನೋಡಿರಲಿಲ್ಲ.

ಮರುದಿನ ಮೊದಲ ತಟ್ಟೆ ವಿಮಲಾ ತಮಗೇ ಹಾಕಿಕೊಂಡು ಮಗಳ ಎದುರು ಕೂತರು. ಕೈ ಸೌಟಿನ ಕಡೆಗೇ ಹೋಗುತ್ತಿತ್ತು. ಸಂಪತ್ ಖಾಲಿ ತಟ್ಟೆ ಹಿಡಿದು, ಸರ್ವರ್ ಕೆಟ್ಟುಹೋದ ಆಫೀಸಿನಲ್ಲಿ ನಿಂತಂತೆ ನಿಂತರು.

“ನಂಗೆ ಯಾರು ಬಡಿಸ್ತಾರೆ?”

“ನಿಮ್ಗೆ ಕೈ ಉಂಟಲ್ಲ.”

ಸುರಕ್ಷಾ ನಕ್ಕಳು. ಎರಡು ತುತ್ತು ತಿಂದಳು. ಅಷ್ಟೇ ಅಂದು. ಮುಂದಿನ ಭಾನುವಾರ ದೇವಸ್ಥಾನದಲ್ಲಿ ತಾಯಿ ಮಗಳು ಮೊದಲ ಪಂಕ್ತಿಯಲ್ಲೇ ಕೂತರು.

“ಏನಮ್ಮ ಇದು, ಬಡಿಸೋರು ಯಾರು?” ಎಂದರು ವೆಂಕಟಮ್ಮ.

“ಹಸಿವಿಲ್ಲದವರು ಬಡಿಸ್ಲಿ. ನಮ್ಗೆ ಹಸಿವುಂಟು.”

ತೂಕ ಇಳಿಯುವುದು ನಿಂತಿತು. ಮಾರ್ಚ್ ಹನ್ನೆರಡರಂದು ಡಾಕ್ಟರು ನಿಧಾನವಾಗಿ ಒಂದು ಸುತ್ತು ಓಡಲು ಬಿಟ್ಟರು.

ಮರುದಿನ, ಆ ಮಂಗಳವಾರ ಬೆಳಿಗ್ಗೆ, ವಿಮಲಾ ಅಕ್ಕಿತರಿಯ ಉಂಡೆ ಕಟ್ಟಿ ಪುಂಡಿ ಬೇಯಿಸಿದರು. ಎರಡನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಕೂತರು. ಸುರಕ್ಷಾ ಎರಡು ತಿಂದು, ತಟ್ಟೆ ಮುಂದೆ ಚಾಚಿ, “ಇನ್ನೊಂದು” ಎಂದಳು. ಪಾತ್ರೆಯಲ್ಲಿ ಉಳಿದಿದ್ದುದು ಒಂದೇ. ಒಂದು ತಿಂಗಳ ಹಿಂದಾಗಿದ್ದರೆ ಅದನ್ನು ಇಡಿಯಾಗಿ ಮಗಳಿಗೆ ಹಾಕಿ, ತಮಗೆ ಹೊಟ್ಟೆ ತುಂಬಿತೆನ್ನುತ್ತಿದ್ದರು. ವಿಮಲಾ ಅದನ್ನು ಮುರಿದರು. ಅರ್ಧ ಮಗಳ ತಟ್ಟೆಗಿಟ್ಟರು. ಇನ್ನರ್ಧವನ್ನು ಚಟ್ನಿಯಲ್ಲಿ ಅದ್ದಿ, ಕೂತಲ್ಲೇ, ಅವಳು ನೋಡುತ್ತಿದ್ದಂತೆ ತಾವೇ ತಿಂದರು.