ಚಿನ್ನದಂಗಡಿಯಲ್ಲಿ ಎಂಟ್ರೆನ್ಸ್ ತಯಾರಿ

ನನಗೆ ಬೇಕಿದ್ದ ಕಾಲೇಜಿಗೆ ಸೇರಬೇಕಾದರೆ ಕಂಪ್ಯೂಟರ್ ಮುಂದೆ ಕೂತು ಎಂಟ್ರೆನ್ಸ್ ಬರೆಯಬೇಕಿತ್ತು. ಪೇಪರಿಲ್ಲ, ಪೆನ್ನಿಲ್ಲ, ಮೌಸ್ ಹಿಡಿದು ಕ್ಲಿಕ್ ಮಾಡುವುದಷ್ಟೇ. ಆಗಿನ್ನೂ ಅದು ಹೊಸದು. ಅತ್ತಿಗುಪ್ಪೆಯ ನಮ್ಮ ಬೀದಿಯವರು ಅದೊಂದು ವಿಡಿಯೋ ಗೇಮ್ ಎಂದೇ ತಿಳಿದಿದ್ದರು.

ಮೊದಲ ಮಾದರಿ ಪರೀಕ್ಷೆ ವಿಜಯನಗರದ ಒಂದು ಟ್ಯುಟೋರಿಯಲ್‌ನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಲ್ಯಾಬಿನೊಳಗೆ ಹೋದರೆ ಫ್ರಿಜ್ಜಿನೊಳಗೆ ಹೋದ ಹಾಗಾಯಿತು.

"ಸಾರ್, ಎಸಿ ಸ್ವಲ್ಪ ಕಮ್ಮಿ ಮಾಡ್ತೀರಾ?"

"ಅದು ನಿಮಗಲ್ಲಮ್ಮ, ಕಂಪ್ಯೂಟರ್‌ಗೆ" ಅಂದರು ಮೇಷ್ಟ್ರು.

ನನ್ನ ಮೂಗು ಮೊದಲೇ ಹಟಮಾರಿ. ಸೀನು ಶುರುವಾಯಿತು. ಸೀನಿದಾಗೆಲ್ಲ ಕೈ ಅದುರಿ, ಮೌಸ್ ತನಗೆ ಸರಿ ಕಂಡ ಉತ್ತರವನ್ನು ಒತ್ತುತ್ತಿತ್ತು. ಮುಂದಿನ ವಾರ ಸ್ವೆಟರ್ ಹಾಕಿಕೊಂಡು ಹೋದೆ. ಮೂಗಿಗೆ ಸ್ವೆಟರ್ ಇಲ್ಲವಲ್ಲ, ಅದೇ ಕಥೆ. ಮಾರ್ಕ್ಸ್ ನೋಡಿ ಅಳುವೇ ಬಂತು.

ಅಮ್ಮ ಮಾತ್ರ ಧೈರ್ಯಗೆಡಲಿಲ್ಲ. "ನಿಂಗೆ ಎಸಿ ಅಭ್ಯಾಸ ಇಲ್ಲ, ಅಷ್ಟೇ ಕಣೇ. ಮಾಡ್ಕೊಂಡ್ರಾಯ್ತು" ಅಂದಳು.

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಎಸಿ ಇರಲಿಲ್ಲ. ರಾಜಾಜಿನಗರದ ಒಂದು ಚಿನ್ನದಂಗಡಿಯಲ್ಲಿ ಇತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು, ಅಪ್ಪನಿಗೆ ದೇವಸ್ಥಾನ ಅಂತ ಹೇಳಿ, ನನ್ನನ್ನು ಬಸ್ಸು ಹತ್ತಿಸಿದಳು. ಅಲ್ಲಿ ಎಸಿಯ ಗಾಳಿ ನೇರ ಬೀಳುವ ಕುರ್ಚಿ ಹುಡುಕಿ ನನ್ನನ್ನು ಕೂರಿಸಿ, ತಾನು ಒಂದೊಂದೇ ಹಾರ ತೆಗೆಸಲು ಶುರು ಮಾಡಿದಳು. ನಾನು ಮನಸ್ಸಿನಲ್ಲೇ ಲೆಕ್ಕ ಬಿಡಿಸುತ್ತಾ ಸೀನುತ್ತಿದ್ದೆ. ಹೀಗೆ ವಾರಕ್ಕೆರಡು ಸಲವಾದರೂ ಹೋಗುತ್ತಿದ್ದೆವು. ಬರಬರುತ್ತಾ ನನ್ನ ಸೀನು ಕಡಿಮೆಯಾಯಿತು, ಅಮ್ಮನ ಕೊಂಕು ಜಾಸ್ತಿಯಾಯಿತು. "ಕೊಂಡಿ ಸಡಿಲ ಇದೆ", "ಕೆಂಪು ಹರಳು ಮಂಕು". ಹುಡುಗಿಯ ಮದುವೆ ಇರಬೇಕೆಂದು ಸೇಲ್ಸ್‌ಮನ್ ಬಾದಾಮಿ ಹಾಲು ತರಿಸುತ್ತಿದ್ದ. ಅಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಹಾಲು ಕುಡಿದಳು.

ಪರೀಕ್ಷೆಗೆ ಇನ್ನು ಸ್ವಲ್ಪ ದಿನವಿದೆ ಅನ್ನುವಾಗ ಕೆಂಗೇರಿಯಿಂದ ಅಪ್ಪನ ಅಕ್ಕ ಬಂದರು. ಜೊತೆಗೆ ನನಗೆಂದು ಅವರು ನೋಡಿದ್ದ ಒಬ್ಬ ಹುಡುಗನ ತಂದೆ ತಾಯಿ.

"ಏನೋ, ಮಗಳಿಗೆ ಚಿನ್ನ ತಗೋತಿದೀರಂತೆ! ಇವ್ರಿಬ್ರೂ ಅಂಗಡಿ ಮೆಟ್ಟಿಲಿಳಿಯೋದನ್ನ ನಾನೇ ಬಸ್ಸಿಂದ ನೋಡ್ದೆ. ನಂಗೊಂದ್ ಮಾತು ಹೇಳೋದಲ್ವಾ?" ಎಂದು ಅತ್ತೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ನಿಶ್ಚಿತಾರ್ಥಕ್ಕೆ ಇದ್ದ ಒಳ್ಳೆಯ ದಿನ ಅದೊಂದೇ ಅಂತೆ, ನನ್ನ ಪರೀಕ್ಷೆಯ ದಿನ.

"ಪರೀಕ್ಷೆ ಎಲ್ಲೋಗತ್ತೆ? ಮುಂದಿನ ವರ್ಷ ಬರೀಲಿ" ಅಂದರು ಅತ್ತೆ.

ಅಕ್ಕನ ಮಾತನ್ನು ಅಪ್ಪ ಎಂದೂ ತೆಗೆದುಹಾಕಿದವರಲ್ಲ. ನನಗೆ ಕೈಕಾಲು ತಣ್ಣಗಾಯಿತು, ಎಸಿ ಇಲ್ಲದೆಯೇ.

ಮನೆಯಲ್ಲಿ ಸಕ್ಕರೆ ಮುಗಿದರೆ ಪಕ್ಕದವರಿಗೆ ಗೊತ್ತಾಗದಂತೆ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದವಳು ನನ್ನಮ್ಮ. ಅಂಥವಳು ಬೀಗರಾಗಬೇಕಾದವರ ಎದುರು ನಿಂತು ಹೇಳಿದಳು: "ಒಂದು ಗುಲಗಂಜಿ ಚಿನ್ನಾನೂ ತಗೊಂಡಿಲ್ಲ. ತಗೊಳೋ ಶಕ್ತಿನೂ ಇಲ್ಲ. ಇವಳಿಗೆ ಎಸೀಲಿ ಸೀನು ಬರತ್ತೆ. ಅಭ್ಯಾಸ ಆಗ್ಲಿ ಅಂತ ಪುಕ್ಕಟೆ ಎಸೀಲಿ ಕೂರಿಸ್ತಿದ್ದೆ. ಎಕ್ಸಾಮ್ ಮುಗಿಯೋವರೆಗೂ ಕೂರಿಸ್ತೀನಿ."

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು ಎದ್ದರು. ಅವರೆಲ್ಲ ಹೊರಟ ಮೇಲೆ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅಮ್ಮ ಅಡುಗೆಮನೆ ಸೇರಿಕೊಂಡು ಸದ್ದಿಲ್ಲದೆ ಅತ್ತಳು. ಎಲ್ಲ ಮುಗಿಯಿತು ಅಂದುಕೊಂಡೆ.

ಮರುದಿನ ಸಂಜೆ ಅಪ್ಪ ಕೆಲಸದಿಂದ ಬೇಗ ಬಂದರು. ಮುಖ ತೊಳೆದು, ಇಸ್ತ್ರಿ ಮಾಡಿದ ಶರ್ಟ್ ಹಾಕಿ, "ಹೊರಡಿ" ಅಂದರು. ಅಂಗಡಿಯಲ್ಲಿ ನನ್ನನ್ನು ಎಸಿಯ ಕೆಳಗೆ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು, ಸೇಲ್ಸ್‌ಮನ್‌ಗೆ ಗಂಭೀರವಾಗಿ ಹೇಳಿದರು: "ನಿಧಾನಕ್ಕೆ ತೋರ್ಸಪ್ಪ, ನಮಗೇನೂ ಅರ್ಜೆಂಟಿಲ್ಲ."