ಒಣಗಿದ ಗೋಣಿತಾಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ನುಸಿಗುಳಿಗೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಬಟ್ಟೆಗಳ ನಡುವೆ ಇಡುವ ಆ ಬಿಳಿ ಗುಳಿಗೆ ಎಂದರೆ ನ್ಯಾಫ್ಥಲೀನ್. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಕಂದು ಮಾಲು ನಮಗೆ ಮೂಟೆಗಳಲ್ಲಿ ಬರುತ್ತಿತ್ತು. ಅದನ್ನು ಕರಗಿಸಿ, ಆಸಿಡ್‌ನಲ್ಲೂ ಆಮೇಲೆ ಸೋಡಾ ನೀರಿನಲ್ಲೂ ತೊಳೆದು, ಬಾಣಲೆಯಲ್ಲಿ ಹದವಾಗಿ ಕಾಯಿಸುತ್ತಿದ್ದೆವು. ಅದರ ಆವಿಗೆ ತಂಪು ತಗುಲಿದರೆ ನೀರಾಗದೆ ನೇರವಾಗಿ ಹರಳಾಗುತ್ತದೆ. ಪಕ್ಕದ ತಗಡಿನ ಗೂಡಿಗೆ ಹೋದ ಆವಿ ಬಿಳಿ ಚಕ್ಕೆಗಳಾಗಿ ಉದುರುತ್ತಿತ್ತು. ಗೂಡಿಗೆ ಹೊದಿಸಿದ ಗೋಣಿತಾಟನ್ನು ಸದಾ ಒದ್ದೆಯಾಗಿಡುವುದು ನನ್ನ ಕೆಲಸ.

ಆ ಕಾರ್ಖಾನೆಗೇ ನನ್ನ ತಂಗಿ ಸುಗುಣ ಕೆಮಿಸ್ಟ್ ಆಗಿ ಬಂದಳು, ಬಿ.ಎಸ್ಸಿ. ಮುಗಿಸಿ. ಕೂಸಾಗಿದ್ದಾಗ ಅವಳನ್ನು ಎತ್ತಿಕೊಳ್ಳಲೆಂದೇ ನನ್ನನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದ್ದರು. ಈಗ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು.

ಗುಳಿಗೆ ಒತ್ತುವ ಖೈರುನ್ನಿಸಾ ಕೆಣಕಿದಳು: "ತಂಗಿಗೆ ಕುರ್ಚಿ, ಅಕ್ಕಂಗೆ ಗೋಣಿ. ಏನ್ ನಸೀಬಮ್ಮ ನಿಂದು!"

ನಾನೂ ನಕ್ಕೆ. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಸುಗುಣಳ ಉಸ್ತುವಾರಿಯಲ್ಲಿ ಮೊದಲ ಬಾಣಲೆ ಇಳಿಯುವ ದಿನ ಬಂತು. ಮಾಲು ಚೆನ್ನಾಗಿ ಬಂದರೆ ಕೆಲಸ ಖಾಯಂ ಎಂದಿದ್ದರು ಯಜಮಾನರು.

"ಅಕ್ಕಾ, ಗೋಣಿ ಒಣಗೋಕ್ ಬಿಡ್ಬೇಡ ಕಣೇ. ತಗಡು ಬಿಸಿಯಾದ್ರೆ ಆವಿ ನಿಲ್ಲಲ್ಲ, ಹೊರಟೋಗತ್ತೆ" ಎಂದಳು.

"ನಂಗೇ ಹೇಳ್ಕೊಡ್ತೀಯಾ?" ಎಂದೆ.

ಅವಳು ಒಳಗೆ ಹೋದಳು. ನಾನು ನಲ್ಲಿಯ ಕೆಳಗೆ ಕಾಲು ತೊಳೆದು, ಸೆರಗು ನೆನೆಸಿ ಮುಖ ಒರೆಸಿಕೊಂಡೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತೆ. ಗೋಣಿ ಒಣಗುವುದನ್ನು ನೋಡುತ್ತಲೇ ಇದ್ದೆ. ಗೂಡಿನ ಸಂದಿಯಿಂದ ಹೊಗೆಯಂತೆ ಆವಿ ನುಗ್ಗಿದಾಗಲೂ ಏಳಲಿಲ್ಲ.

ಗೂಡು ತೆರೆದರೆ ಇದ್ದದ್ದು ಒಂದೆರಡು ಬೊಗಸೆ ಚಕ್ಕೆ. "ಬಿ.ಎಸ್ಸಿ. ಓದಿ ಇದೇನಮ್ಮಾ ಕಲ್ತಿದ್ದು?" ಎಂದರು ಯಜಮಾನರು.

ಸುಗುಣ ಗೋಣಿಯನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬೆಂಕಿ ಜಾಸ್ತಿ ಮಾಡ್ಬಿಟ್ಟೆ ಸಾರ್. ನಂದೇ ತಪ್ಪು."

ಮರುದಿನದಿಂದ ಅವಳು ಕೆಲಸಕ್ಕೆ ಬರುವಂತಿರಲಿಲ್ಲ.

ಸಂಜೆ ಮತ್ತೀಕೆರೆಯ ಮನೆಗೆ ಇಬ್ಬರೂ ನಡೆದೇ ಹೋದೆವು. ರೈಲ್ವೆ ಗೇಟಿನ ಬಳಿ ನಿಂತಾಗ ಅವಳು ನನ್ನ ಸೆರಗು ಹಿಡಿದು ಕೊಡವಿದಳು. ಗೂಡಿನಲ್ಲಿ ತಂಪು ಸಿಗದ ಆವಿ ನನ್ನ ಒದ್ದೆ ಸೆರಗಿನ ಮೇಲೆ ಬೆಳ್ಳಗೆ ಹರಳುಗಟ್ಟಿತ್ತು.

"ಎಲ್ಲಾ ನಿನ್ ಮೇಲೇ ಬಂದ್ ಕೂತಿದ್ಯಲ್ಲಕ್ಕಾ" ಎಂದಳು, ಅಷ್ಟೇ.

ಮುಂದೆ ನಾನೇ ಅಲ್ಲಿ ಮೇಸ್ತ್ರಿಯಾದೆ. ಮಾಲು ಕೆಟ್ಟಾಗ ಬೆಂಕಿಯವನನ್ನು ಬೈಯುವ ಮೊದಲು ಗೋಣಿ ಮುಟ್ಟಿ ನೋಡಬೇಕೆಂಬುದು ಆ ದಿನ ನನಗೆ ಕಲಿಸಿದ ಪಾಠ. ಮುಟ್ಟಿದಾಗಲೆಲ್ಲ ಅದು ಒದ್ದೆಯೇ ಇರುತ್ತಿತ್ತು. ನನ್ನಂತೆ ಬಕೆಟ್ ಬೋರಲು ಹಾಕಿ ಕುಳಿತವರು ಅಲ್ಲಿ ಇನ್ನೊಬ್ಬರಿರಲಿಲ್ಲ.